ಹಿತ್ತಲ ಕಟ್ಟೆಯ ಕಾಫಿ

ದಾವಣಗೆರೆ
೧೮-೧-೧೯೫೫

ಮಗಳು ರಂಗವ್ವನಿಗೆ ನಿನ್ನ ಮಾವ ಉಚ್ಚಂಗೆಪ್ಪನ ಆಶೀರ್ವಾದಗಳು.

ನಾವಿಬ್ಬರೂ ಹೇಗೋ ಇದ್ದೇವೆ. ಹರಿಹರದಲ್ಲಿ ನೀನೂ ನಿನ್ನ ತಂದೆ ಕೆಂಚವೀರಪ್ಪನವರೂ ಆರೋಗ್ಯವೆಂದು ನಂಬಿದ್ದೇನೆ. ನಿನಗೆ ಮತ್ತೊಂದು ಮದುವೆ, ಉಡಿಕೆ, ಮಾಡಿಕೊಡಲು ಒಳ್ಳೆಯ ಕಡೆಯ ಗಂಡು ಬಂದಿದೆ, ಅತ್ತೆ ಮಾವ ಒಪ್ಪದೆ ತಾನು ಒಲ್ಲೆ ಎಂದು ಮಗಳು ಹಟ ಹಿಡಿದಿದ್ದಾಳೆ ಎಂದು ಅವರು ದೀಪಾವಳಿಗೆ ಮುಂಚೆಯೇ ಬರೆದಿದ್ದರು. ಇಷ್ಟು ದಿನ ಉತ್ತರ ಕೊಡದ್ದಕ್ಕೆ ಸಿಟ್ಟಾಗಬೇಡ. ಕಾರಣ ಕೇಳು.

ಕಾಫಿಬೀಜದ ಬೆಲೆ ಏರಿದ್ದು ನಿನಗೂ ಗೊತ್ತು. ನಮ್ಮ ಹೋಟೆಲಿನಲ್ಲೂ ಲೋಟಕ್ಕೆ ಅರ್ಧಾಣೆ ಏರಿಸಿದೆ. ಮೊದಲು ಜನ ಗೊಣಗಿಕೊಂಡೇ ಕುಡಿದರು. ಆಮೇಲೆ ಗಿರಣಿಯವರು ಇಬ್ಬರ ನಡುವೆ ಒಂದು ಲೋಟ ಹೇಳತೊಡಗಿದರು, ಕೊನೆಗೆ ಚಹಾಕ್ಕೆ ಇಳಿದರು. ಜಟಕಾ ಮಸ್ತಾನಸಾಬ್ ನಿನಗೆ ನೆನಪಿರಬೇಕು. ಬೆಳಿಗ್ಗೆ ಸಂಜೆ ತಪ್ಪದೆ ಬರುತ್ತಿದ್ದವನು ಒಳಗೆ ಕಾಲಿಡುವುದನ್ನೇ ಬಿಟ್ಟ. ಹಿತ್ತಲ ಬಾವಿಯಲ್ಲಿ ಕುದುರೆಗೆ ನೀರು ಕುಡಿಸಿಕೊಂಡು ಹಾಗೇ ಹೋಗಿಬಿಡುತ್ತಿದ್ದ.

ಪುಡಿ ಉಳಿಸಲೆಂದು ನಾವಿಬ್ಬರೂ ಕಾಫಿ ಬಿಟ್ಟೆವು. ಒಂದು ಲೋಟ ಮಾತ್ರ ನಿಲ್ಲಲಿಲ್ಲ. ನಿನ್ನ ಗಂಡ, ನಮ್ಮ ಮಾಲತೇಶ, ಹೊಳೆಯಲ್ಲಿ ಕೊಚ್ಚಿಹೋದಾಗಿನಿಂದ ನಿನ್ನ ಅತ್ತೆ ಗಿರಿಯಮ್ಮ ನಸುಕಿನಲ್ಲಿ ಅವನ ಪಾಲಿನ ಕಾಫಿಯನ್ನು ಹಿತ್ತಲ ಕಟ್ಟೆಯ ಮೇಲೆ ಇಡುತ್ತಾಳೆ. ಮೈ ಸಿಗಲಿಲ್ಲವಲ್ಲ, ಮಗ ಸತ್ತನೆಂದು ಅವಳು ಒಪ್ಪಿಯೇ ಇರಲಿಲ್ಲ. ಬೆಳಕು ಹರಿದ ಮೇಲೆ ತಣ್ಣಗಾದದ್ದನ್ನು ನಾನು ಗಿಡಕ್ಕೆ ಸುರಿಯುತ್ತಿದ್ದೆ.

ನಿನ್ನ ತಂದೆಯ ಕಾಗದ ಬಂದ ವಾರದಲ್ಲೇ ಒಂದು ಬೆಳಿಗ್ಗೆ ಲೋಟ ಖಾಲಿಯಾಗಿತ್ತು. ಬೆಕ್ಕು ಕುಡಿದಿರಬೇಕು ಎಂದೆ. ಮರುದಿನವೂ ಖಾಲಿ. ಲೋಟ ಉರುಳಿರಲಿಲ್ಲ, ಒಂದು ಹನಿ ಚೆಲ್ಲಿರಲಿಲ್ಲ. ಗಿರಿಯಮ್ಮ ತಲೆ ಬಾಚಿಕೊಂಡಳು, ಹೊಟ್ಟೆ ತುಂಬ ಉಂಡಳು, ಆ ಕಾಫಿಗೆ ಇನ್ನಷ್ಟು ಸಕ್ಕರೆ ಹಾಕಿದಳು. ನನಗೋ ಕಟ್ಟೆಯ ಕಡೆ ಹೋದರೆ ಮೈ ಜುಮ್ಮೆನ್ನುತ್ತಿತ್ತು. ನಿನ್ನ ವಿಷಯ ಎತ್ತಿದಾಗಲೆಲ್ಲ ಅವಳದು ಒಂದೇ ಮಾತು: “ಅವ್ನು ದಿನಾ ಬಂದು ಹೋಗ್ತಾ ಇರಬೇಕಾರೆ ರಂಗಿಗೆ ಉಡಿಕೆ ಹೆಂಗೆ ಮಾಡ್ತೀರಿ?” ನಿನಗೆ ಏನೆಂದು ಬರೆಯಲಿ?

ಹೋದ ಸೋಮವಾರ ಮನಸ್ಸು ಗಟ್ಟಿ ಮಾಡಿ ಬಾಗಿಲ ಹಿಂದೆ ನಿಂತೆ. ಮಬ್ಬಿನಲ್ಲಿ ಯಾರೋ ಬಂದು ಕೂತು ಲೋಟ ಎತ್ತಿದರು. ನೋಡಿದರೆ ಮಸ್ತಾನಸಾಬ್. ಅಷ್ಟರಲ್ಲಿ ಅಡುಗೆಮನೆಯಿಂದ ಗಿರಿಯಮ್ಮನೂ ಬಂದಳು.

“ತಪ್ಪಾತ್ರಿ ಅವ್ವ. ರೇಟು ಏರಿದ ಮ್ಯಾಲೆ ನಾನು ಬಿಟ್ಟೆ, ನಾಲಿಗೆ ಬಿಡ್ಲಿಲ್ಲ. ಮಿಕ್ಕಿದ್ದು ಚೆಲ್ಲೋಕೆ ಇಟ್ಟೀರಿ ಅನ್ಕೊಂಡಿದ್ದೆ,” ಎಂದು ಅವನು ತಲೆ ತಗ್ಗಿಸಿದ. ಅದು ಯಾರ ಕಾಫಿ ಎಂದು ನಾನು ಹೇಳಿದಾಗ ಅವನು ಲೋಟ ಕೆಳಗಿಟ್ಟು ಎದ್ದು ನಿಂತ.

ನಿನ್ನ ಅತ್ತೆ ಬೈಯಲಿಲ್ಲ. “ಸಕ್ಕರೆ ಜಾಸ್ತಿ ಆಗಿತ್ತೇನಪ್ಪ?” ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದವಳು ಸಂಜೆ ಎದ್ದು, “ರಂಗಿಗೆ ಹೂಂ ಅಂತ ಬರೀರಿ. ಉಡಿಕೆ ಸೀರೆ ನಮ್ದು,” ಎಂದಳು. ಮಗ ಹೋಗಿ ಎರಡು ವರ್ಷದ ಮೇಲೆ ಆ ಸಂಜೆ ಅವಳು ಮೊದಲ ಸಲ ಅವನಿಗಾಗಿ ಅತ್ತಳು. ಈಗ ಲೋಟ ಇಡುತ್ತಿಲ್ಲ. ಮಸ್ತಾನಸಾಬ್ ನಾನು ಕರೆದರೂ ಹಿತ್ತಲಿಗೆ ಬರುತ್ತಿಲ್ಲ.

ಒಪ್ಪಿಕೋ ಮಗಳೇ. ಹೋದ ಮನೆ ನಿನ್ನಿಂದ ತಂಪಾಗಿರಲಿ, ನಿನ್ನ ಮಡಿಲು ತುಂಬಲಿ. ಇದನ್ನೂ ತವರೆಂದು ತಿಳಿದು ಬಂದು ಹೋಗುತ್ತಿರು.

ಇಂತಿ,
ಉಚ್ಚಂಗೆಪ್ಪ

ತಾ.ಕ.: ನಿನ್ನ ಅತ್ತೆಗೆ ಹೇಳದ ಒಂದು ಮಾತಿದೆ. ಆ ಬೆಳಿಗ್ಗೆ ಅವಳು ಬರುವ ಮುಂಚೆ, ಕಟ್ಟೆಯ ಮೇಲೆ ಕೂತವನ ಬೆನ್ನು ಕಂಡು ನಾನು “ಮಾಲತೇಶಾ” ಎಂದು ಕರೆದೆ. ಅವನು ತಿರುಗುವವರೆಗೆ ನನ್ನ ಮಗ ಬದುಕಿದ್ದ.