ನಿಮ್ಮವ್ವನ ತೊಂಬತ್ತಾರು ಹಾಡು

ಸೇಡಂ
೧೪ ನವೆಂಬರ್ ೨೦೨೪

ಒಂದು ಕಾಲಕ್ಕೆ ನನ್ನ ಗೆಳತಿಯಾಗಿದ್ದ ಅಂಬುಜಾಗೆ, ಸುನಿತಾಳ ನಮಸ್ಕಾರ.

ಹೆಸರು ನೋಡಿದ ಕೂಡಲೇ ಹರಿದು ಒಲೆಗೆ ಹಾಕಬೇಡ ನಮ್ಮವ್ವ. ಪೂರ್ತಿ ಓದು, ಆಮೇಲೆ ಬೇಕಾದರೆ ಹಾಕು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ.

ಹೋದ ತಿಂಗಳು ನಿನ್ನ ಮಗಳು ಸಪ್ನಾ ಚಿತ್ತಾಪುರದಿಂದ ನನ್ನ ಅಂಗಡಿಗೆ ಬಂದಿದ್ದಳು. ನಿನ್ನದೇ ಮೂಗು, ನಿನ್ನದೇ ಹಟ. ಟವೆಲ್ಲಿನಲ್ಲಿ ಸುತ್ತಿದ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟಳು. “ಆಂಟಿ, ಇದರಾಗ ನಮ್ಮಜ್ಜಿ ಹಾಡು ಅದಾವಂತ. ಆಕಿಗಿ ಎಲ್ಲಾ ಮರ್ತು ಹೋಗಾಕತ್ತದ. ಆಕಿ ಹಾಡು ಆಕಿಗೇ ಕೇಳಸ್ರಿ, ಒಂದೀಟು ನೆನಪು ಉಳದ್ರೂ ಉಳೀಬಹುದು ಅಂತ ಕಲಬುರಗಿ ಡಾಕ್ಟರು ಹೇಳ್ಯಾರ್ರಿ” ಅಂದಳು. ನಿನಗೆ ಹೇಳದೆ ಬಂದಿದ್ದಳು, ಅವಳಿಗೆ ಬೈಯಬೇಡ.

ಆ ಹಾಡುಗಳು ಹೇಗೆ ಟೈಪಾದವು ಅಂತ ನಿನಗೆ ನಾನೇನು ಹೇಳಬೇಕೆ? ಇಪ್ಪತ್ತು ವರ್ಷದ ಹಿಂದೆ ನಮ್ಮಿಬ್ಬರದು ಇದೇ ಡಿಟಿಪಿ ಅಂಗಡಿ, ಒಂದೇ ಕಂಪ್ಯೂಟರ್. ನಿಮ್ಮವ್ವ ಬಸ್ಸಮ್ಮ ಮಳಖೇಡದಿಂದ ಬಸ್ಸಿಗೆ ಬಂದು ಸ್ಟೂಲಿನ ಮೇಲೆ ಕೂತು ಬೀಸುಕಲ್ಲಿನ ಹಾಡು ಹೇಳುವರು. ಎದುರಿಗೆ ಕಲ್ಲಿಲ್ಲದಿದ್ದರೂ ಬಲಗೈ ಗರಗರ ತಿರುಗುತ್ತಿತ್ತು, ತಿರುಗಿಸದಿದ್ದರೆ ಹಾಡು ಬಾಯಿಗೆ ಬರುತ್ತಿರಲಿಲ್ಲ. ಲಗ್ನಪತ್ರಿಕೆಗೆ ಬಂದವರು ಕಾಯ್ದು ಕಾಯ್ದು ಬೇಸತ್ತು, “ಏನ್ರೀ ಬಾಯಾರ, ಲಗ್ನ ಮುಗದ ಮ್ಯಾಲ ಕಾರ್ಡ ಕೊಡ್ತೀರೇನು?” ಅನ್ನುವರು. ನೀನು ಕೇಳಿಸಿಕೊಳ್ಳದವಳಂತೆ ಟೈಪ್ ಮಾಡುತ್ತಿದ್ದೆ. ಒಂದು ವರ್ಷದಲ್ಲಿ ತೊಂಬತ್ತಾರು ಹಾಡಾದವು.

ಡಿಸ್ಕಿನಲ್ಲಿದ್ದದ್ದು ನಕಲಾಯಿತು. ಆದರೆ ಫೈಲು ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಮ್ಮ ಆ ಕನ್ನಡ ಪ್ರೋಗ್ರಾಂ ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದ್ದು, ಹಳೆಯ ಕಂಪ್ಯೂಟರುಗಳೆಲ್ಲ ಗುಜರಿ ಸೇರಿ ಯಾವ ಕಾಲವಾಯಿತು! ಅದಕ್ಕೇ ಎಮ್ಯುಲೇಟರ್ ಹಾಕಿದೆ. ಹೊಸ ಕಂಪ್ಯೂಟರಿನೊಳಗೆ ಹಳೆಯದರ ಸೋಗು ಹಾಕುವ ಪ್ರೋಗ್ರಾಂ ಅದು. ಮೊದಲ ದಿನ ಪರದೆ ಕಪ್ಪಗೆ ನಿಂತಿತು. ಎರಡನೆಯ ದಿನ ಚಿತ್ರ ಬಂತು, ಮೌಸ್ ಅಲ್ಲಾಡಲಿಲ್ಲ. ಒಂದು ವಾರ ತಲೆ ಚಚ್ಚಿಕೊಂಡ ಮೇಲೆ ನಮ್ಮ ಪ್ರೋಗ್ರಾಮಿನ ಹೆಸರು ಪರದೆಯ ಮೇಲೆ ಬಂತು. ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅದರ ಕೆಳಗೆ ಒಂದು ಸಾಲು ಮೂಡಿತು: ಲಾಕು ಸಿಗುತ್ತಿಲ್ಲ.

ನಿನಗೆ ನೆನಪಿದೆ. ಬೆಂಕಿಪೊಟ್ಟಣದಷ್ಟು ಡಬ್ಬಿ, ಕಂಪ್ಯೂಟರಿನ ಬೆನ್ನಿಗೆ ಪ್ರಿಂಟರ್ ಸಿಗಿಸುವಲ್ಲಿ ಸಿಗಿಸಿದ್ದು. ಅದಿಲ್ಲದೆ ಪ್ರೋಗ್ರಾಂ ಬಾಗಿಲು ತೆರೆಯುವುದಿಲ್ಲ.

ಅಂಬುಜಾ, ಆ ಲಾಕು ಕಳೆದಿರಲಿಲ್ಲ. ನಾನು ಕಿತ್ತಿಟ್ಟುಕೊಂಡಿದ್ದೆ.

ಚಿತ್ತಾಪುರದಲ್ಲಿ ಸ್ವಂತ ಅಂಗಡಿ ಹಾಕುತ್ತೇನೆ ಅಂತ ನೀನು ಅಂದ ದಿನದಿಂದ ನನ್ನ ಹೊಟ್ಟೆಯೊಳಗೆ ಕಿಚ್ಚು ಬಿದ್ದಿತ್ತು. ಮಷೀನು ನಿನಗೆ, ಅಂಗಡಿ ನನಗೆ ಅಂತ ಪಾಲಾಯಿತು. ನೀನು ಚಹಾ ಹೇಳಲು ಹೊರಗೆ ಹೋದಾಗ ಲಾಕು ಕಿತ್ತು ಪರ್ಸಿಗೆ ಹಾಕಿದೆ. ನಾಲ್ಕು ದಿನ ಒದ್ದಾಡಲಿ, ನನ್ನ ಹತ್ತಿರ ಬಂದು ಕೇಳಲಿ, ಆಗ ಕೊಟ್ಟರಾಯಿತು ಅಂದುಕೊಂಡಿದ್ದೆ, ಅಷ್ಟೇ. ಆದರೆ ನೀನು ಅಳುತ್ತಾ ಬಂದೆ. ನನ್ನ ಬಾಯಿಗೆ ಹುಳ ಬೀಳಲಿ, ಮಷೀನು ಬಸ್‌ಸ್ಟ್ಯಾಂಡಿಗೆ ಒಯ್ದ ಗಾಡಿಯ ಚನ್ನು ಎಲ್ಲೋ ಕೆಡವಿರಬೇಕು ಅಂದುಬಿಟ್ಟೆ. ಅಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ನೀನು ತಲೆ ಬಗ್ಗಿಸಿ ಧೂಳಿನಲ್ಲಿ ಹುಡುಕುತ್ತಾ ಹೋದೆ. ನಾನೂ ನಿನ್ನ ಪಕ್ಕದಲ್ಲೇ ಹುಡುಕಿದೆ. ಚರಂಡಿಯಲ್ಲಿ ಕಡ್ಡಿ ಆಡಿಸಿದೆ. ಅಷ್ಟು ಹೊತ್ತೂ ಪರ್ಸು ನನ್ನ ಬಗಲಲ್ಲೇ ಇತ್ತು.

ಆಮೇಲೆ ಹೇಳಲಾಗಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುವಷ್ಟರಲ್ಲಿ ನೀನು ಚನ್ನುವಿಗೆ ಎಲ್ಲರೆದುರು ಬೈದಿದ್ದೆ, ಅವನು ದೇವರಾಣೆ ಮಾಡಿ ಅತ್ತಿದ್ದ. ನಾಲ್ಕು ತಿಂಗಳಿಗೆ ನಿನ್ನ ಅಂಗಡಿ ಮುಚ್ಚಿತು. ಕಂಪನಿಯವರು ಬೇರೆ ಲಾಕು ಕೊಡುವುದಿಲ್ಲ ಅಂದರು. ನಿಮ್ಮವ್ವನನ್ನು ಮತ್ತೊಮ್ಮೆ ಕೂರಿಸಿ ಬರೆದುಕೊಳ್ಳಲು ನೋಡಿದೆಯಂತೆ, ಹತ್ತು ಹಾಡಿನ ಮುಂದೆ ಬರಲಿಲ್ಲವಂತೆ. ಇದನ್ನೆಲ್ಲ ನಾನು ಅವರಿವರ ಬಾಯಿಂದ ಕೇಳುತ್ತಾ ಬಾಯಿ ಮುಚ್ಚಿಕೊಂಡು ಕೂತೆ. ಎಂಥ ಹೆಂಗಸು ನಾನು!

ಲಾಕು ನನ್ನ ಹೊಲಿಗೆ ಡಬ್ಬಿಯಲ್ಲೇ ಇತ್ತು. ತೆಗೆದೆ. ಹೊಸ ಕಂಪ್ಯೂಟರಿಗೆ ಅದನ್ನು ಸಿಗಿಸುವ ಜಾಗವೇ ಇಲ್ಲ. ಯುಎಸ್‌ಬಿಗೆ ಬದಲಿಸುವ ವೈರು ತಂದೆ, ಅದರಲ್ಲಿ ಪ್ರಿಂಟರ್ ನಡೆಯಿತು, ಲಾಕು ಮಾತ್ರ ಕಾಣಲಿಲ್ಲ. ಶಹಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಬಂದೇನವಾಜ್‌ ಹತ್ತಿರ ಒಯ್ದೆ. “ಇದು ವೈರಿಗಿ ಮಾತಾಡಂಗಿಲ್ರಿ ಅಕ್ಕೋರ, ಇದಕ್ಕ ಖರೇ ಪೋರ್ಟೇ ಬೇಕು” ಅಂತ ಹೇಳಿ, ಹೈದರಾಬಾದಿನಿಂದ ಆ ಪೋರ್ಟಿರುವ ಒಂದು ಕಾರ್ಡು ತರಿಸಿ ಕಂಪ್ಯೂಟರಿನೊಳಗೆ ಕೂರಿಸಿದ. “ಇಷ್ಟ ವರ್ಷ ಭಾಳ ಜ್ವಾಕಿಲೆ ಇಟ್ಟೀರಿ ನೋಡ್ರಿ” ಅಂತ ಹೊಗಳಿದ. ನನಗೆ ತಲೆ ಎತ್ತಲಾಗಲಿಲ್ಲ.

ಆಗಲೂ ಅದೇ ಸಾಲು: ಲಾಕು ಸಿಗುತ್ತಿಲ್ಲ. ಇನ್ನು ಲಾಕೇ ಸತ್ತಿದೆ ಅಂತ ಕೈ ಚೆಲ್ಲಿದ್ದೆ. ಬಂದೇನವಾಜೇ ಫೋನಿನಲ್ಲಿ ಹೇಳಿದ, ಹೊಸ ಮಷೀನಿನ ಓಟ ಜಾಸ್ತಿ, ಲಾಕು ಉತ್ತರ ಕೊಡುವುದರೊಳಗೆ ಅದು ಕೇಳಿ ಮುಂದೆ ಹೋಗಿಬಿಡುತ್ತದೆ ಅಂತ. ಎಮ್ಯುಲೇಟರಿನ ವೇಗ ಇಳಿಸುತ್ತಾ ಬಂದೆ. ಅರ್ಧ ಮಾಡಿದೆ, ಕಾಲು ಮಾಡಿದೆ. ನಮ್ಮ ಆಗಿನ ಕಂಪ್ಯೂಟರಿನಷ್ಟೇ ನಿಧಾನ ಮಾಡಿದಾಗ ಬಾಗಿಲು ತೆರೆಯಿತು. “ಕಾಗಿಣಿ ತುಂಬ್ಯಾಳ, ಕಲ್ಲ ಮ್ಯಾಲ ಹರದಾಳ, ತವರಿಗಿ ಹ್ಯಾಂಗ ಬರಲವ್ವ” ಅಂತ ಮೊದಲ ಹಾಡು ಪರದೆಯ ಮೇಲೆ ದುಂಡಗೆ ಕೂತಿತ್ತು. ಅಂಗಡಿಯಲ್ಲಿ ಗಿರಾಕಿ ಇದ್ದರು. ನಾನು ಗೊಳೋ ಅಂತ ಅತ್ತುಬಿಟ್ಟೆ.

ತೊಂಬತ್ತಾರೂ ಸಿಕ್ಕಿವೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಸಪ್ನಾಳ ಕೈಯಲ್ಲಿ ಕಳಿಸಿದ್ದೇನೆ. ಲಾಕು ಇದೇ ಲಕೋಟೆಯಲ್ಲಿದೆ. ಚನ್ನುವಿನ ಮನೆಗೆ ಹೋಗಿ ಅವನಿಗೂ ನಿಜ ಹೇಳಿ ಬಂದೆ. ಅವನು ನೀರು ಕುಡಿಯಿರಿ ಅನ್ನಲಿಲ್ಲ. ಕ್ಷಮಿಸು ಅಂತ ನಿನ್ನನ್ನು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ.

ನಿನಗೆ ದ್ರೋಹ ಮಾಡಿದ,
ಸುನಿತಾ

ತಾ.ಕ.: ನಿನ್ನನ್ನು ಕೇಳದೆ ಇನ್ನೊಂದು ಕೆಲಸ ಮಾಡಿದೆ. ನಿನ್ನೆ ಮಳಖೇಡಕ್ಕೆ ಹೋಗಿದ್ದೆ. ನಿಮ್ಮಣ್ಣ ಅಂಬರೇಶ ಒಳಗೆ ಕರೆದರು. ಅವ್ವನಿಗೆ ನನ್ನ ಗುರುತು ಹತ್ತಲಿಲ್ಲ. ಪಕ್ಕದಲ್ಲಿ ಕೂತು ನನಗೆ ಬಂದ ರಾಗದಲ್ಲಿ ಒಂದೊಂದೇ ಹಾಡು ಹೇಳಿದೆ, ಹನ್ನೆರಡು ಹಾಡು. ಒಂದಕ್ಕೂ ದನಿಗೂಡಿಸಲಿಲ್ಲ. ಮೊದಲ ಸಲ ಕೇಳುವವರ ಹಾಗೆ ಬಾಯಿ ತೆರೆದು ಕೇಳಿದರು. ಆಮೇಲೆ ನನ್ನ ಕೈ ಹಿಡಿದು, “ಭಾಳ ಚಂದ ಅದಾವ. ಯಾರವವ್ವ ಈ ಹಾಡು?” ಅಂದರು. ನಿಮ್ಮವೇ ಅಂದೆ. ನಕ್ಕುಬಿಟ್ಟರು. “ನನಗೆಲ್ಲಿ ಹಾಡು ಬರ್ತಾವ? ಯಾರವರೇ ಇರಲಿ, ಎಲ್ಲ್ಯಾರ ಬರದಿಡವ್ವ. ಮರ್ತು ಹೋಗ್ತಾವ” ಅಂದರು.

ಬರೆದಿಡುತ್ತೇನೆ ಅಂದೆ.