ಏರು ಹತ್ತುವ ಗಾಡಿ

ಮಾರ್ಚ್ ೪, ಮಂಗಳವಾರ

ಮತ್ತೆ ಒಂದು ಗಾಜು ಒಡೆಯಿತು. ಬಲಗಣ್ಣಿನದು. ಅಂಚು ಉಜ್ಜುವಾಗ ಕೈ ಎಲ್ಲೋ, ಗಮನ ಎಲ್ಲೋ. ಸಾಹುಕಾರರು ಹಿಂದಿನ ಕೋಣೆಗೆ ಬಂದು ನೋಡಿ, ಪರವಾಗಿಲ್ಲ ಬಿಡಮ್ಮ ಎಂದು ಹೋದರು. ಮೊದಲಾಗಿದ್ದರೆ ಕನ್ನಡಕದ ಅಂಗಡಿಯೇ ಹಾರಿಹೋಗುವ ಹಾಗೆ ಕೂಗುತ್ತಿದ್ದರು. ಅಮ್ಮ ಹೋದ ಮೇಲೆ ನನ್ನನ್ನು ಯಾರೂ ಬೈಯುತ್ತಿಲ್ಲ. ಇದೊಂದು ಕಾಟ.

ಊಟದ ಹೊತ್ತಿನಲ್ಲಿ ಯಂತ್ರದ ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಕಾರು ನೋಡಿದೆ. ತೋಳಿನ ತುಂಬ ಗಾಜಿನ ಬಿಳಿ ಕೆಸರು. ನೋಡಿ ನೋಡಿ ಈಗ ಎರಡು ಉಳಿದಿವೆ. ಎರಡೂ ಸೆಕೆಂಡ್ ಹ್ಯಾಂಡ್, ಎರಡೂ ಟರ್ಬೊ, ಎರಡೂ ನನ್ನ ಬಜೆಟ್ಟಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತಿವೆ. ಒಂದು ಕೆಂಪು, ಪೆಟ್ರೋಲು. ಇನ್ನೊಂದು ಬೂದಿ — ಅಲ್ಲ, ಬೂದು. ಡೀಸೆಲ್ಲು. ಬೂದಿ ಎಂದು ಬರೆದುಬಿಟ್ಟಿದ್ದೆ.

ಟರ್ಬೊ ಏಕೆ? ಹಳೇ ಕಾರು ಆಸ್ಪತ್ರೆಯ ಏರಿನಲ್ಲಿ ಎಳೆಯಲಿಲ್ಲ. ಡಿಸೆಂಬರಿನಲ್ಲಿ. ಅಮ್ಮ ಹಿಂದಿನ ಸೀಟಿನಲ್ಲಿ, ತಲೆ ಅಪ್ಪನ ತೊಡೆಯ ಮೇಲೆ. ಮೂರನೇ ಗೇರು, ಎರಡನೇ ಗೇರು, ಕೊನೆಗೆ ಒಂದನೇದು... ಮೇಲೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಷ್ಟೇ. ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಅವತ್ತಿನಿಂದ ಅಪ್ಪ ಯಾವ ಕಾರನ್ನೂ ಹತ್ತಿಲ್ಲ. ಟ್ಯಾಕ್ಸಿಯನ್ನೂ. ಏಪ್ರಿಲ್ ಎರಡಕ್ಕೆ ಅದೇ ಆಸ್ಪತ್ರೆಯಲ್ಲಿ ಅವನ ಹೃದಯದ ತಪಾಸಣೆ. ಹಿಂದಿನ ಎರಡು ಸಲ ತಪ್ಪಿಸಿದ್ದಾನೆ. ಈ ಸಲವೂ ತಪ್ಪಿದರೆ ಮಾತ್ರೆ ಬರೆದುಕೊಡುವುದಿಲ್ಲ ಎಂದು ಡಾಕ್ಟರು ಫೋನಿನಲ್ಲೇ ಗದರಿದರು. ಅಪ್ಪ ನಡೆದೇ ಹೋಗುತ್ತಾನಂತೆ. ಏರು ಹತ್ತಬಾರದು ಎಂದು ಅದೇ ಡಾಕ್ಟರು ಹೇಳಿರುವುದು.

ಕಾರು ಬಂದರೆ ಹತ್ತಬಹುದು. ಹೊಸದು, ಬೇರೆಯದು, ಗಟ್ಟಿಯಾಗಿ ಎಳೆಯುವಂಥದ್ದು. ನೋಡೋಣ.

ಮಾರ್ಚ್ ೬, ಗುರುವಾರ

ಹೊಗೆ ಮಾಮ ಬಂದಿದ್ದ. ಅಮ್ಮನ ತಮ್ಮ, ಮೆಕ್ಯಾನಿಕ್ಕು. ಯಾವ ಗಾಡಿ ತೋರಿಸಿದರೂ ಮೊದಲು ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಹೊಗೆ ನೋಡುತ್ತಾನೆ, ಅದಕ್ಕೇ ಆ ಹೆಸರು. ಇಟ್ಟವಳು ಅಮ್ಮನೇ.

ಟರ್ಬೊ ಅಂದರೇನು ಅಂತ ಗೊತ್ತಾ ನಿನಗೆ ಎಂದು ಕೇಳಿದ. ಬೇಗ ಓಡುವುದು ಅಂದೆ. ತಲೆ ಚಚ್ಚಿಕೊಂಡ. ಒಂದು ಪುಟ್ಟ ಫ್ಯಾನಂತೆ. ಹೊರಗೆ ಹೋಗುವ ಹೊಗೆ ಅದನ್ನು ತಿರುಗಿಸುತ್ತದೆ, ಅದು ಇಂಜಿನ್ನಿಗೆ ಗಾಳಿ ತುರುಕುತ್ತದೆ. ಕಾದು ಕೆಂಡವಾಗಿರುತ್ತದಂತೆ, ಅದಕ್ಕೇ ಗಾಡಿ ನಿಲ್ಲಿಸಿದ ಕೂಡಲೇ ಆಫ್ ಮಾಡಬಾರದು, ಒಂದು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಹಳೇ ಟರ್ಬೊ ಕೊಳ್ಳುವಾಗ ಗಾಡಿ ನೋಡಬೇಡ, ಮಾರುವವರು ಹೇಗೆ ಆಫ್ ಮಾಡ್ತಾರೆ ನೋಡು ಎಂದ.

ಅಪ್ಪ ಕಿಟಕಿಯ ಹತ್ತಿರ ಕೂತು ಕೇಳಿಸಿಕೊಳ್ಳುತ್ತಿದ್ದ. ಅಥವಾ ಕೇಳಿಸಿಕೊಳ್ಳುತ್ತಿರಲಿಲ್ಲ. ಈಗೀಗ ಗೊತ್ತಾಗುವುದಿಲ್ಲ.

ಮಾರ್ಚ್ ೯, ಭಾನುವಾರ

ಮಾಮನ ಜೊತೆ ಹೋಗಿ ಕೆಂಪು ನೋಡಿ ಬಂದೆವು. ಹಳೇ ಕಾರುಗಳ ವ್ಯಾಪಾರಿ, ಹುರಿಮೀಸೆಯವನು. ಮೂರು ಬೀದಿಯಾಚೆ ಅಷ್ಟೇ, ಆದ್ದರಿಂದ ಅಪ್ಪನೂ ನಡೆದು ಬಂದ. ಒತ್ತಾಯ ಮಾಡಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದ.

ಮೀಸೆ ನನ್ನ ಪ್ರಶ್ನೆಗಳಿಗೆಲ್ಲ ಅಪ್ಪನ ಮುಖ ನೋಡಿ ಉತ್ತರ ಹೇಳಿದ. ಮೈಲೇಜು ಕೇಳಿದರೆ ಅಪ್ಪನಿಗೆ ಉತ್ತರ. ಟೈರು ಕೇಳಿದರೆ ಅಪ್ಪನಿಗೆ ಉತ್ತರ. ಅಪ್ಪನಿಗೆ ಸೈಕಲ್ಲು ಬಿಟ್ಟರೆ ಏನೂ ಬಾರದು. ಕೊನೆಗೆ ಮೀಸೆ ಕೇಳಿದ:

“ಎಷ್ಟು ಜನ ಓಡಾಡ್ತೀರಿ?”

“ಮೂರು ಜನ.”

ನಾನೂ ಹೇಳಿದೆ, ಅಪ್ಪನೂ ಹೇಳಿದ. ಇಬ್ಬರೂ ಒಟ್ಟಿಗೇ, ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ. ಮೂವರಿಗೆ ಹೇಳಿ ಮಾಡಿಸಿದ ಗಾಡಿ ಎಂದ ಮೀಸೆ. ಮಾಮ ಬಾನೆಟ್ಟಿನೊಳಗೆ ತಲೆ ಹಾಕಿದವನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ. ನಾನು ತಿದ್ದಲಿಲ್ಲ. ಅಪ್ಪನೂ ತಿದ್ದಲಿಲ್ಲ.

ಓಡಿಸಿ ನೋಡಿದೆ. ಅಪ್ಪ ಹತ್ತಲಿಲ್ಲ, ಗೇಟಿನಲ್ಲೇ ನಿಂತ. ಆಸ್ಪತ್ರೆಯ ಏರಿಗೇ ತೆಗೆದುಕೊಂಡು ಹೋದೆ. ಮೂರನೇ ಗೇರಿನಲ್ಲಿ ಸರಕ್ಕನೆ ಹತ್ತಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಒಂದೇ ಉಸಿರಿಗೆ ಮೇಲೆ. ಇಷ್ಟೇನಾ ಈ ಏರು?

ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಯು ಟರ್ನ್ ತೆಗೆದುಕೊಂಡು ಬಂದೆ.

ಮೀಸೆ ತಾನೇ ಗಾಡಿ ಒಳಗೆ ಹಾಕಿ ಟಪ್ ಎಂದು ಆಫ್ ಮಾಡಿದ. ಮಾಮ ನನ್ನ ಕಡೆ ನೋಡಿದ. ಸ್ಟಾರ್ಟ್ ಮಾಡಿದಾಗ ಒಂಚೂರು ನೀಲಿ ಹೊಗೆ ಬಂದಿತ್ತಂತೆ, ಟರ್ಬೊ ಎಣ್ಣೆ ಕುಡಿಯುತ್ತಿದೆಯಂತೆ. ದಾರಿಯಲ್ಲಿ ಹೇಳಿದ, ಕುಡಿತ ಈಗಷ್ಟೇ ಶುರುವಾಗಿದೆ, ಮನೆ ಹಾಳಾಗುವುದಕ್ಕೆ ಆರು ತಿಂಗಳಾದರೂ ಆಗಬಹುದು, ಆರು ವರ್ಷವಾದರೂ ಆಗಬಹುದು ಎಂದು.

ನನಗೆ ಕೆಂಪೇ ಬೇಕು.

ಮಾರ್ಚ್ ೧೬, ಭಾನುವಾರ

ಬೂದು. ಟ್ಯೂಷನ್ ಮೇಡಂ ಅವರ ಗಾಡಿ, ಗಣಿತ ಹೇಳಿಕೊಡುತ್ತಾರೆ. ಮಾಮನ ಗ್ಯಾರೇಜಿಗೆ ತಾವೇ ಓಡಿಸಿಕೊಂಡು ಬಂದರು. ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ, ಕೈಚೀಲ ಎತ್ತಿಕೊಂಡು, ಕನ್ನಡಕ ಒರೆಸಿಕೊಂಡು, ಕನ್ನಡಿ ನೋಡಿಕೊಂಡು, ಆಮೇಲೆ ಕೀ ತಿರುಗಿಸಿದರು. ಮಾಮನ ಮುಖ ಅರಳಿತು. ಹೊಗೆ ನೋಡುವುದನ್ನೇ ಮರೆತ.

(ಅವರ ಎಡಗಾಜು ಫ್ರೇಮಿನಲ್ಲಿ ಸ್ವಲ್ಪ ಓರೆಯಾಗಿ ಕೂತಿದೆ. ನಮ್ಮ ಅಂಗಡಿಯದಲ್ಲ, ಸದ್ಯ.)

ಓಡಿಸಿದೆ. ಏನು ಹೇಳುವುದು... ಒಳ್ಳೆಯ ಗಾಡಿ. ಕಾಲು ಒತ್ತಿದರೆ ಯೋಚನೆ ಮಾಡಿ, ಆಗಲಿ ಬಿಡು ಎಂದು ಎಳೆಯುತ್ತದೆ. ಏರು ಹತ್ತಿತು. ಕುಲುಕಾಟವಿಲ್ಲ, ಸದ್ದಿಲ್ಲ. ಆದರೆ ಎರಡನೇ ಗೇರು ಕೇಳಿತು. ನನಗೆ ಅಲ್ಲೇ ಮನಸ್ಸು ಮುರಿಯಿತು.

ವಾಪಸ್ಸು ಬಂದಾಗ ಅಪ್ಪ ಗ್ಯಾರೇಜಿನ ಸ್ಟೂಲಿನಿಂದ ಎದ್ದು ಬಂದು, ಹಿಂದಿನ ಬಾಗಿಲು ತೆಗೆದು, ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿದ. ನೆಲದಿಂದ ಸೀಟಿಗೆ ಗೇಣು ಹಾಕಿದ.

“ಎತ್ತರ ಸರಿಯಾಗಿದೆ. ಮಂಡಿಗೆ ಕಷ್ಟ ಆಗಲ್ಲ.”

ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು. ಬಾಗಿಲು ಹಾಕಿ ಮತ್ತೆ ಸ್ಟೂಲಿಗೆ ಹೋದ.

ಅಪ್ಪನ ಮಂಡಿಗೆ ಏನೂ ಆಗಿಲ್ಲ. ಮಂಡಿನೋವು ಇದ್ದದ್ದು ಅಮ್ಮನಿಗೆ.

ಮಾರ್ಚ್ ೧೭, ಸೋಮವಾರ, ಬೆಳಿಗ್ಗೆ ೬

ಮಾಮನಿಗೆ ಮೆಸೇಜು ಹಾಕಿದೆ, ಕೆಂಪು ಎಂದು. ತಕ್ಷಣ ಫೋನ್ ಮಾಡಿದ. ಕಣ್ಣಾರೆ ಕಂಡೂ ಬಾವಿಗೆ ಬೀಳ್ತೀಯಾ ಎಂದ. ಬೀಳುತ್ತೇನೆ ಎಂದೆ. ಎರಡನೇ ಗೇರಿನಲ್ಲಿ ಹೋದರೆ ನಿನ್ನ ಗಂಟೇನು ಹೋಗುತ್ತೆ ಎಂದ. ಡಿಸೆಂಬರಿನ ಆ ಗೇರುಗಳು ಅವನಿಗೂ ಆಮೇಲೆ ನೆನಪಾಗಿರಬೇಕು. ಸರಿ ಕಣೇ, ನಿನ್ನಿಷ್ಟ ಎಂದು ಫೋನ್ ಇಟ್ಟ. ಅವನೂ ಅಕ್ಕನನ್ನು ಕಳೆದುಕೊಂಡಿದ್ದಾನೆ, ಕಳೆದುಕೊಂಡವಳು ನಾನೊಬ್ಬಳೇ ಅಲ್ಲ. ಇದು ನನಗೆ ಆಗಾಗ ಮರೆತುಹೋಗುತ್ತದೆ.

ಮಾರ್ಚ್ ೨೨, ಶನಿವಾರ

ಬರೆಯಬಾರದು ಅಂದುಕೊಂಡಿದ್ದೆ.

ಸಂಜೆ ಅಪ್ಪನಿಗೆ ಹೇಳಿದೆ, ಕೆಂಪು ತರುತ್ತೇನೆ, ಎರಡನೇ ತಾರೀಖು ಅದರಲ್ಲೇ ಹೋಗೋಣ. ಬಟ್ಟೆ ಮಡಿಸುತ್ತಿದ್ದ. ತಲೆ ಎತ್ತದೆ ಕೇಳಿದ, ಈಗ ಯಾಕೆ ಅಷ್ಟು ಜೋರು ಗಾಡಿ?

ಈಗ ಯಾಕೆ. ಆ ‘ಈಗ’ ಕೇಳಿ ಮೈ ಉರಿಯಿತು. ಮೂರು ತಿಂಗಳಿಂದ ಗಂಟಲಲ್ಲೇ ಇದ್ದದ್ದು ಬಾಯಿಗೆ ಬಂತು.

“ಅವತ್ತು ನೀನು ನಿಧಾನ ಅಂದೆ. ಅಮ್ಮ ಹಂಗಿರುವಾಗ, ನಾನು ಗಾಡಿ ಎಳೀತಿಲ್ಲ ಅಂತ ಸಾಯ್ತಿರುವಾಗ, ಹಿಂದೆ ಕೂತು ನಿಧಾನ, ಅವಸರ ಇಲ್ಲ ಅಂದೆ. ಯಾರಾದ್ರೂ ಅಂತಾರಾ ಹಂಗೆ?”

ಅಂದೇಬಿಟ್ಟೆ. ಅಪ್ಪ ಕೈಯಲ್ಲಿದ್ದ ಟವೆಲ್ಲನ್ನು ಪೂರ್ತಿ ಮಡಿಸಿದ. ರಾಶಿಯ ಮೇಲಿಟ್ಟ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಕತ್ತಲಾಗುವ ಮುಂಚೆ ವಾಪಸ್ಸು ಬಂದ. ಊಟ ಮಾಡಿದ. ತಟ್ಟೆ ತೊಳೆದ.

ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ.

ಮಾರ್ಚ್ ೨೭, ಗುರುವಾರ

ಐದು ದಿನದಿಂದ ಮನೆಯಲ್ಲಿ ಫ್ರಿಜ್ಜು ಒಂದೇ ಮಾತಾಡುವುದು.

ಭಾನುವಾರ ಮೀಸೆಗೆ ಮುಂಗಡ ಕೊಡಬೇಕು.

ಮಾರ್ಚ್ ೨೯, ಶನಿವಾರ, ಸಂಜೆ

ಮಧ್ಯಾಹ್ನ ಸಾಹುಕಾರರು ಹಿಂದಿನ ಕೋಣೆಗೆ ಇಣುಕಿ, ನಿಮ್ಮ ತಂದೆ ಬಂದಿದ್ದಾರೆ ಎಂದರು. ಅಪ್ಪ ನನ್ನ ಅಂಗಡಿಗೆ ಬಂದದ್ದೇ ಇಲ್ಲ, ಇಷ್ಟು ವರ್ಷದಲ್ಲಿ. ಒಳಗೆ ಬಂದು ಗಾಜಿನ ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಕೂತ. ಯಂತ್ರ ನಿಲ್ಲಿಸಲು ಹೋದೆ. ಬೇಡ, ಓಡಲಿ ಎಂದ. ಸದ್ದಿರಲಿ ಅಂತ ಇರಬೇಕು.

“ಪೆಟ್ರೋಲ್ ಬಂಕ್ ದಾಟೋಕ್ ಮುಂಚೇನೇ ನಿಮ್ಮಮ್ಮ ಹೋಗಿದ್ಲು. ಏರು ಇನ್ನೂ ಶುರು ಆಗಿರ್ಲಿಲ್ಲ.”

ಅರ್ಥವಾಗಲಿಲ್ಲ. ಕೈಯಲ್ಲಿ ಗಾಜು ಹಿಡಿದುಕೊಂಡೇ ಇದ್ದೆ.

“ನನ್ನ ಕೈ ಹಿಡ್ಕೊಂಡಿದ್ಲು. ಬಿಟ್ಲು. ನಂಗೆ ಗೊತ್ತಾಯ್ತು. ನೀನು ಗೇರು ಹಾಕ್ತಾ, ಅಮ್ಮಾ ಬಂತು, ಬಂದೇಬಿಡ್ತು ಅಂತಿದ್ದೆ. ಮುಂದೆ ಲಾರಿ ಬರ್ತಿತ್ತು. ಹೇಳಿದ್ರೆ ನೀನು ಸ್ಟೇರಿಂಗ್ ಬಿಟ್ಬಿಡ್ತಿದ್ದೆ. ಅದಕ್ಕೇ ನಿಧಾನ ಅಂದೆ. ಅದು ನಿಂಗೋಸ್ಕರ ಅಂದಿದ್ದು ಮಗಳೇ. ಅವಳಿಗಾಗಲೇ ಅವಸರ ಇರ್ಲಿಲ್ಲ.”

ಆಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಅಷ್ಟು ಕಷ್ಟಪಟ್ಟು ಮೇಲೆ ಮುಟ್ಟಿಸಿದ್ದೆ, ಅದು ದಂಡ ಅಂತ ಹೇಗೆ ಹೇಳಲಿ ಎಂದ. ಮೂರು ತಿಂಗಳು ಅದನ್ನು ಒಬ್ಬನೇ ಇಟ್ಟುಕೊಂಡು ಓಡಾಡಿದ್ದಾನೆ, ನನ್ನ ಊದಿದ ಮುಖ ನೋಡಿಕೊಂಡು.

ಕೈಯಲ್ಲಿದ್ದ ಗಾಜನ್ನು ಉಜ್ಜಿ ಮುಗಿಸಿದೆ. ಫ್ರೇಮಿಗೆ ಕೂರಿಸಿದೆ. ಸರಿಯಾಗಿ ಕೂತಿತು. ಅಪ್ಪ ಅಂಗಡಿ ಮುಚ್ಚುವವರೆಗೂ ಅಲ್ಲೇ ಇದ್ದ. ಇಬ್ಬರೂ ನಡೆದು ಮನೆಗೆ ಬಂದೆವು.

ಏನೂ ಅನ್ನಿಸುತ್ತಿಲ್ಲ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಅಪ್ಪನ ಮೇಲಿನ ಆ ಕೋಪವೇ ನನ್ನನ್ನು ಬೆಳಿಗ್ಗೆ ಎಬ್ಬಿಸಿ ಕೆಲಸಕ್ಕೆ ಕಳಿಸುತ್ತಿತ್ತು. ಈಗ ಅದೂ ಇಲ್ಲ. ಹೆದರಿಕೆಯಾಗುತ್ತಿದೆ.

ಮಾರ್ಚ್ ೩೦, ಭಾನುವಾರ

ಮೀಸೆಗೆ ಫೋನ್ ಮಾಡಿ ಬೇಡ ಎಂದೆ. ಅಪ್ಪನಿಗೆ ಫೋನ್ ಕೊಡಿ ಎಂದ! ಕೊಡಲಿಲ್ಲ.

ಮೇಡಂ ಬೂದು ಇನ್ನೂ ಮಾರಿರಲಿಲ್ಲ. ಮಾಮನೇ ಚೌಕಾಸಿ ಮಾಡಿದ. ಅವರು ಗಣಿತದವರು, ಇವನಿಗೆ ಬಾಯಿಲೆಕ್ಕ. ಅವರೇ ಗೆದ್ದರು. ಸೋತರೂ ಮಾಮನಿಗೆ ಖುಷಿ. ಕೀ ಕೊಡುವಾಗ ಮೇಡಂ, ಆಫ್ ಮಾಡುವ ಮುಂಚೆ ಒಂದು ನಿಮಿಷ ಬಿಡಬೇಕಮ್ಮ ಎಂದರು. ಗೊತ್ತು ಎಂದೆ.

ಅಪ್ಪ ಮನೆಯಿಂದ ಹೊರಗೆ ಬಂದು, ಗಾಡಿಯ ಸುತ್ತ ಒಂದು ಸುತ್ತು ಹಾಕಿ ಒಳಗೆ ಹೋದ. ಬುಧವಾರ ಹತ್ತುತ್ತೀಯಾ ಎಂದು ಕೇಳಲು ಧೈರ್ಯ ಬರಲಿಲ್ಲ.

ಏಪ್ರಿಲ್ ೨, ಬುಧವಾರ, ಮಧ್ಯಾಹ್ನ

ಹತ್ತಿದ.

ರಿಪೋರ್ಟುಗಳ ಕವರು ಹಿಡಿದು ಬಂದ. ನಾನು ಮುಂದಿನ ಬಾಗಿಲು ತೆಗೆದು ನಿಂತಿದ್ದೆ. ಅವನು ಹಿಂದಿನದನ್ನು ತೆಗೆದುಕೊಂಡು ಕೂತ, ಎಡಗಡೆ, ಅವತ್ತು ಕೂತಿದ್ದ ಕಡೆಯೇ. ಕವರನ್ನು ತೊಡೆಯ ಮೇಲಿಟ್ಟುಕೊಂಡ. ಕನ್ನಡಿಯಲ್ಲಿ ನೋಡಬಾರದು ಅಂದುಕೊಂಡೆ, ನೋಡಿದೆ. ಪಕ್ಕದ ಖಾಲಿ ಸೀಟಿನ ಮೇಲೆ ಕೈ ಇಟ್ಟುಕೊಂಡಿದ್ದ.

ಬಂಕಿನ ಹತ್ತಿರ, ಏರು ಶುರುವಾಗುವ ಮುಂಚೆ, ಗಾಡಿ ನಿಲ್ಲಿಸು ಎಂದ. ಇಳಿದು ನಡೆಯುತ್ತಾನೆ ಅಂದುಕೊಂಡೆ. ಪಕ್ಕಕ್ಕೆ ಹಾಕಿದೆ. ಇಳಿದ. ಹಿಂದಿನ ಬಾಗಿಲನ್ನು ಸರಿಯಾಗಿ ಮುಚ್ಚಿದ. ಒಂದು ಕ್ಷಣ ಅಲ್ಲೇ ನಿಂತಿದ್ದ, ಮುಖ ಕಾಣಲಿಲ್ಲ, ಅಂಗಿ ಮಾತ್ರ ಕಾಣುತ್ತಿತ್ತು. ಆಮೇಲೆ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಬಂದು ಕೂತ.

ಆಗ ಅತ್ತೆ. ಡಿಸೆಂಬರಿನಿಂದ ಅತ್ತಿರಲಿಲ್ಲ. ಸ್ಟೇರಿಂಗಿಗೆ ಹಣೆ ಹಚ್ಚಿ ಗಟ್ಟಿಯಾಗಿ, ಬಂಕಿನ ಹುಡುಗಿ ಪೈಪು ಹಿಡಿದುಕೊಂಡೇ ತಿರುಗಿ ನೋಡುವಷ್ಟು ಜೋರಾಗಿ ಅತ್ತೆ. ಅಪ್ಪ ಸಮಾಧಾನ ಮಾಡಲಿಲ್ಲ. ಅವನ ಕನ್ನಡಕ ಮಂಜಾಗಿತ್ತು. ತೆಗೆದು ಒರೆಸಿಕೊಂಡ, ಮತ್ತೆ ಮಂಜಾಯಿತು.

“ಹಿಂದೆ ಒಬ್ಬನೇ ಕೂರೋಕೆ...” ಎಂದ. ಅಷ್ಟೇ. ಮುಖ ಒರೆಸಿಕೊಂಡು ಎರಡನೇ ಗೇರಿನಲ್ಲೇ ಏರು ಹತ್ತಿಸಿದೆ, ಮೇಲೆ ಆಸ್ಪತ್ರೆಯ ಮುಂದೆ ನಿಲ್ಲಿಸಿ ಒಂದು ನಿಮಿಷ ಇಂಜಿನ್ ಓಡಲು ಬಿಟ್ಟೆ, ಅಪ್ಪನೂ ಇಳಿಯದೆ ಪಕ್ಕದಲ್ಲೇ ಕೂತಿದ್ದ.