ಇಲ್ಲಿ ನಾನೇ ಕುಳ್ಳಿ

ಅತ್ತೆಗೆ ಅಕ್ಕರೆಯ ನಮಸ್ಕಾರ.

ನಗಬೇಡಿ, ಈ ಊರಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನಾನೇ ಕುಳ್ಳಿ. ‘ಇವಳಿಗೆ ಗಂಡು ಹುಡುಕೋಕೆ ಏಣಿ ಹತ್ಬೇಕು’ ಅಂತ ನೀವು ಹೇಳುತ್ತಿದ್ದ ಹುಡುಗಿಗೆ ಇಲ್ಲಿ ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯಲ್ಲಿ ಹಣೆ ಮಾತ್ರ ಕಾಣುತ್ತದೆ. ಪೂರ್ತಿ ಮುಖ ನೋಡಿಕೊಳ್ಳಲು ಬೆಂಚು ಹತ್ತಬೇಕು.

ಒಂದು ತಿಂಗಳು ಆಟ ನೋಡಿ ಆಮೇಲೆ ತಂಡದಲ್ಲಿ ಇಟ್ಟುಕೊಳ್ಳುವ ಮಾತು ಅಂದಿದ್ದರಲ್ಲ, ಆ ತಿಂಗಳು ನಿನ್ನೆಗೆ ಮುಗಿಯಿತು. ನಿನ್ನೆಯ ಪಂದ್ಯದಲ್ಲೂ ಮುಕ್ಕಾಲು ಹೊತ್ತು ಸುಮ್ಮನೆ ಕೂತೇ ಬೆವರಿದೆ. ನಾವು ಸೋಲುತ್ತಿದ್ದೆವು. ಕೊನೆಗೆ ಕೋಚ್ ಮೇಡಂ ಬೆನ್ನು ತಟ್ಟಿ, ‘ಮೇಲಿಂದ ಆಗ್ತಿಲ್ಲ, ನೀನು ಕೆಳಗಿಂದ ನುಗ್ಗು’ ಅಂದರು. ಎದುರಿನವರು ಬಾಗಿಲಿನಷ್ಟು ಅಗಲಕ್ಕೆ ಕೈ ಚಾಚಿ ನಿಂತಿದ್ದರು. ನಾನು ಅವರ ಕಂಕುಳಡಿ ನುಸುಳಿ ಚೆಂಡನ್ನು ಬುಟ್ಟಿಗೆ ಹಾಕಿದೆ. ಮತ್ತೆ ಚೆಂಡು ಸಿಕ್ಕಾಗಲೂ ಹಾಗೇ ಮಾಡಿದೆ. ಒಂದೇ ಒಂದು ಪಾಯಿಂಟಿನಿಂದ ಗೆದ್ದೆವು.

ತಂಡದಲ್ಲೇ ಎತ್ತರದವಳು ಓಡಿಬಂದು ನನ್ನನ್ನು ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಳು. ಅಪ್ಪ ಹೋದ ಮೇಲೆ ನನ್ನನ್ನು ಯಾರೂ ಎತ್ತಿಕೊಂಡಿರಲಿಲ್ಲ, ಅತ್ತೆ. ಅಲ್ಲೇ ಕೂತು ಅತ್ತುಬಿಟ್ಟೆ.

‘ಎಲ್ಲಾದ್ರೂ ನೋವಾಯ್ತಾ? ಇಳಿಸ್ಲಾ?’ ಅಂತ ಕೇಳಿದಳು.

‘ಬೇಡ, ಇನ್ನೊಂದು ಸುತ್ತು ಹಾಕು’ ಅಂದೆ.

ಆ ಸುತ್ತಿನ ನಡುವೆಯೇ ಕೋಚ್ ಮೇಡಂ ಕತ್ತೆತ್ತಿ, ‘ಎರಡು ವರ್ಷ ಇರ್ತೀಯಾ?’ ಅಂತ ಕೂಗಿದರು. ಅಳುತ್ತಲೇ ಹೂಂ ಅಂತ ತಲೆ ಆಡಿಸಿದೆ.

ಮೊಣಕಾಲಿನ ಊತ ಇಳಿದಿದೆ, ಅಮ್ಮನಿಗೆ ಹೇಳಿ. ಮುಂದಿನ ಪಂದ್ಯದ ಊರಿಗೆ ಬಸ್ಸು ಹೊರಟು ನಿಂತಿದೆ. ಎಲ್ಲರೂ ಕಿಟಕಿಯಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ.

ನಿಮ್ಮ ಅಣ್ಣನ ಮಗಳು